ಮೊಲದ ಪಾಲು

ಹೋದ ವಾರ ದವಡೆ ಹಲ್ಲು ಕೀಳಿಸಿಕೊಂಡು ಬಂದೆ. ಮಗಳು ಕ್ಯಾರೆಟ್ಟು, ಬೀನ್ಸು, ಒಂದು ಆಲೂಗಡ್ಡೆ ಬೇಯಿಸಿ, ಮಿಕ್ಸಿಗೆ ಹಾಕಿ, ಸ್ಟೀಲ್ ಬಟ್ಟಲಲ್ಲಿ ತಂದು ಮುಂದಿಟ್ಟಳು. ಬೆಂದ ತರಕಾರಿಯ ಆ ಸಪ್ಪೆ ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫೋರ್‌ಮನ್ನರು ನೆನಪಾದರು. ಅವರ ಜೊತೆಗೆ ಅವರ ಮೊಲವೂ...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಅಲ್ಲಿನ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದೆ. ಫೋರ್‌ಮನ್ನರದು ದೊಡ್ಡ ದನಿ. ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ರೂಢಿಯಾಗಿ, ಅವರು ಮನೆಯಲ್ಲಿ ಕಾಫಿ ಕೇಳಿದರೂ ನಮಗೆ ಕೇಳಿಸುತ್ತಿತ್ತು. ಎಲೆಯಡಿಕೆ, ಹೊಗೆಸೊಪ್ಪು ಬಾಯಲ್ಲಿ ಇಲ್ಲದ ಹೊತ್ತೇ ಇರಲಿಲ್ಲ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಸಂತೆಯಿಂದ ತಂದ ಒಂದು ಬಿಳಿ ಮೊಲವಿತ್ತು. ಹಿತ್ತಲಿನ ಪೇರಲೆ ಮರದ ಕೆಳಗೆ ಕೂತು ಫೋರ್‌ಮನ್ನರು ಅದನ್ನು "ಬನ್ನಿ ಸಾಹೇಬ್ರೇ, ಊಟ ಆಯ್ತಾ?" ಎಂದು ಮಾತಾಡಿಸುತ್ತಿದ್ದರು. ಹೆಂಡತಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಾಣೆ.

ಎಲೆಯಡಿಕೆಯ ಬಾಯಿ ಕೊನೆಗೆ ಹುಣ್ಣಾಯಿತು. ಆಪರೇಷನ್ನಿನಲ್ಲಿ ಒಂದು ಕಡೆಯ ದವಡೆ ಹೋಯಿತು, ಹಲ್ಲುಗಳೂ ಹೋದವು. ಶಿವಮೊಗ್ಗದ ದುರ್ಗಿಗುಡಿಯ ಡಾಕ್ಟರು, "ಏನು ಕೊಟ್ಟರೂ ರುಬ್ಬಿ ಕೊಡಿ, ಖಾರ ಮುಟ್ಟಿಸಬೇಡಿ. ಊಟ ಸೇರಿದರೆ ಚೇತರಿಸಿಕೊಳ್ತಾರೆ" ಎಂದು ಹೇಳಿ ಕಳಿಸಿದರಂತೆ. ಫೋರ್‌ಮನ್ನರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಗಾಯ ಉರಿದೀತೆಂದು ಆಂಟಿ ಖಾರದ ಜೊತೆಗೆ ಉಪ್ಪನ್ನೂ ಬಿಟ್ಟರು. ಅವರ ಮಿಕ್ಸಿ ಸುಟ್ಟುಹೋಗಿತ್ತು. ಹಾಗಾಗಿ ದಿನವೂ ನಮ್ಮ ಮನೆಗೆ ಬಂದು, ಕರೆಂಟು ಇದ್ದ ಹೊತ್ತು ನೋಡಿಕೊಂಡು ರುಬ್ಬಿ ಒಯ್ಯುತ್ತಿದ್ದರು.

ಮೊದಲ ದಿನವೇ ಫೋರ್‌ಮನ್ನರು ಬಟ್ಟಲು ನೋಡಿ ಮುಖ ತಿರುಗಿಸಿದರು. ಮಾತು ತೊದಲುತ್ತಿತ್ತು, ಹಟ ತೊದಲುತ್ತಿರಲಿಲ್ಲ. "ಮೊದಲೇ ಇವರು ಹಿಡಿದ ಮೊಲಕ್ಕೆ ಮೂರೇ ಕಾಲು. ಈಗ ನಿಜವಾದ ಮೊಲಾನೇ ಹಿಡ್ಕೊಂಡು ಕೂತಿದಾರೆ" ಎಂದು ಆಂಟಿ ಗೊಣಗಿದರು. ಕೊನೆಗೊಂದು ರಾಜಿಯಾಯಿತು. ಅವರು ಹಿತ್ತಲಲ್ಲಿ ಒಬ್ಬರೇ ಕೂತು ತಿನ್ನುವುದು, ಎದುರಿಗೆ ಯಾರೂ ಬರಬಾರದು, ಮಿಕ್ಕಿದ್ದು ಮೊಲಕ್ಕೆ.

ಬಟ್ಟಲು ಖಾಲಿಯಾಗಿ ಬರತೊಡಗಿತು. ಆಂಟಿಗೆ ನೆಮ್ಮದಿಯಾಯಿತು. ಆದರೆ ಬರಬರುತ್ತ ಮೊಲ ದುಂಡಗಾಯಿತು, ಫೋರ್‌ಮನ್ನರ ಅಂಗಿ ದೊಗಳೆಯಾಯಿತು.

ಒಂದು ಬೆಳಿಗ್ಗೆ ಆಂಟಿ ಮೊಲವನ್ನು ಎತ್ತಿಕೊಂಡು ನಮ್ಮ ಅಡುಗೆಮನೆಗೇ ಬಂದರು.

"ಇದರ ಮೀಸೆ ನೋಡು ಮಾರಾಯ್ತಿ."

ಬಿಳಿ ಮೂತಿಯ ತುಂಬ ಕ್ಯಾರೆಟ್ಟಿನ ಬಣ್ಣ ಮೆತ್ತಿಕೊಂಡಿತ್ತು.

"ಮಿಕ್ಕಿದ್ದು ತಿಂದ ಮುಖಾನಾ ಇದು? ಅವರ ಊಟ ಪೂರ್ತಿ ಇದೇ ಮಾಡ್ತಿದೆ."

ನನಗೆ ನಗು ಬಂತು. ಆಂಟಿ ನೆಲದ ಮೇಲೆ ಕೂತು ಅಳತೊಡಗಿದಾಗ ನಗು ನಿಂತಿತು. "ಹೀಗೇ ಆದ್ರೆ ಉಪವಾಸ ಬಿದ್ದೇ ಹೋಗಿಬಿಡ್ತಾರೆ ಕಣೆ" ಎಂದರು. ಬೈದು ತಿನ್ನಿಸಿ ಎಂದೆ. "ಬೈದ್ರೆ ಹಿತ್ತಲಿಗೂ ಹೋಗಲ್ಲ" ಎಂದು ಕಣ್ಣೊರೆಸಿಕೊಂಡು ಎದ್ದರು. ತರಕಾರಿ ರುಬ್ಬಿದರು. ನಮ್ಮ ಉಪ್ಪಿನ ಡಬ್ಬಿಗೆ ಕೈಹಾಕಿ ಉಪ್ಪು ಬೆರೆಸಿದರು, ಚಿಟಿಕೆ ಇಂಗು ಹಾಕಿದರು, ಎರಡು ಹನಿ ನಿಂಬೆಹುಳಿ ಹಿಂಡಿದರು. "ಉರಿದ್ರೆ ಉರೀಲಿ. ಮೊಲ ಅಂತೂ ಮುಟ್ಟಲ್ಲ."

ಅವತ್ತು ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಕಾಂಪೌಂಡಿನ ಈಚೆ ನಿಂತು ನೋಡಿದೆ. ಫೋರ್‌ಮನ್ನರು ಬಟ್ಟಲನ್ನು ಮೊಲದ ಮುಂದಿಟ್ಟರು. ಅದು ಮೂಸಿತು, ಹಿಂದೆ ಸರಿಯಿತು. "ತಗೊಳ್ಳಿ ಸಾಹೇಬ್ರೇ" ಎಂದರು. ಸಾಹೇಬರು ಗರಿಕೆ ಹುಡುಕಿಕೊಂಡು ಹೋದರು. ಏನಾಗಿದೆ ಇದಕ್ಕೆ ಎನ್ನುವಂತೆ ಫೋರ್‌ಮನ್ನರು ಬಟ್ಟಲಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಗಾಯ ಉರಿದಿರಬೇಕು, ಮುಖ ಕಿವುಚಿದರು. ಮತ್ತೆ ಬೆರಳು ಅದ್ದಿದರು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಟ್ಟಲನ್ನು ಪೂರ್ತಿ ಬಳಿದು ತಿಂದರು. ಆಮೇಲೆ, ಮಾತು ತೊದಲಿದರೂ, ಆ ಹಳೆಯ ದೊಡ್ಡ ದನಿ ಕೇಳಿಸಿತು.

"ಲೇ, ಇಷ್ಟು ದಿನ ಉಪ್ಪು ಯಾಕೆ ಹಾಕ್ಲಿಲ್ಲ? ಉಪ್ಪು ಹುಳಿ ಖಾರ ತಿನ್ನೋ ದೇಹ ಕಣೇ ಇದು!"

ರುಬ್ಬಿದ್ದನ್ನು ತಿನ್ನಲು ಅವರಿಗೆ ಅವಮಾನ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ಅವರಿಗಿದ್ದದ್ದು ಬರೀ ಉಪ್ಪಿಲ್ಲದ ಸಂಕಟ.

ಅಂದಿನಿಂದ ಅವರದೇ ಅಪ್ಪಣೆ, ಮೊಲದ ಪಾಲು ತೆಗೆದಿಟ್ಟು ಆಮೇಲೆ ಉಪ್ಪು ಹಾಕಬೇಕು. ಅವರೂ ಮೊಲವೂ ಮರದ ಕೆಳಗೆ ಅಕ್ಕಪಕ್ಕ ಕೂತು ತಿನ್ನುತ್ತಿದ್ದರು. ಫೋರ್‌ಮನ್ನರ ಕೆನ್ನೆ ಸ್ವಲ್ಪ ತುಂಬಿತು, ಡ್ಯೂಟಿಗೂ ಹೋಗಿಬಂದರು. ಒಂದೆರಡು ವರ್ಷ ಹಾಗೆ ನಡೆಯಿತು. ಮೊಲ ಮೊದಲು ಹೋಯಿತು. ಆಮೇಲೆ ಕಾಯಿಲೆ ಮರುಕಳಿಸಿತು, ಅವರೂ ಹೋದರು.

ಹನ್ನೊಂದನೆಯ ದಿನ ಎಡೆ ಇಡುವಾಗ ನಾನು ತರಕಾರಿ ರುಬ್ಬಿ, ಉಪ್ಪು ಹಾಕಿ ಬಟ್ಟಲಲ್ಲಿ ಒಯ್ದೆ. ಕೊನೆಗಾಲದಲ್ಲಿ ತಿಂದದ್ದು ಅದೇ ತಾನೇ, ಇಡಿ ಎಂದು ನೆಂಟರೂ ಹೇಳಿದರು. ಆಂಟಿ ಬಾಳೆಲೆಯ ಮೇಲೆ ಕೋಳಿಸಾರು, ಚಕ್ಕುಲಿ, ನಿಪ್ಪಟ್ಟು, ಹುರಿದ ಕಡಲೆಬೀಜ ಬಡಿಸಿದ್ದರು. ಯಾರೋ ಎಲೆಯಡಿಕೆ ತಂದಿಟ್ಟದ್ದನ್ನು ಎತ್ತಿ ಆಚೆಗೆ ಇಟ್ಟರು. "ಅದೊಂದು ಅಲ್ಲೂ ಬೇಡ." ನನ್ನ ಬಟ್ಟಲನ್ನೂ ಮೆಲ್ಲಗೆ ಹಿಂದಕ್ಕೆ ಕೊಟ್ಟರು.

"ಬೇಡ ಮಾರಾಯ್ತಿ. ಇನ್ನಾದ್ರೂ ಅಗಿದು ತಿನ್ಲಿ."

ಆಂಟಿ ಕ್ವಾರ್ಟರ್ಸ್ ಬಿಟ್ಟು ತಂಗಿಯ ಮನೆ ಸೇರಿದರು. ಅಲ್ಲೇ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ನಾವೂ ಶಿವಮೊಗ್ಗಕ್ಕೆ ಬಂದು ವರ್ಷಗಳಾದವು. ಮಹಾಲಯ ಅಮಾವಾಸ್ಯೆಗೆ ನಾನು ಅತ್ತೆ ಮಾವನಿಗೆ, ಮುಖವನ್ನೇ ನೋಡಿರದ ಗಂಡನ ಅಜ್ಜ ಅಜ್ಜಿಗೆ ಎಡೆ ಇಡುತ್ತೇನೆ. ಫೋರ್‌ಮನ್ನರಿಗೆ, ಆಂಟಿಗೆ ಯಾರಾದರೂ ಇಡುತ್ತಾರೋ ಇಲ್ಲವೋ... ಅದೊಂದು ಬೇಸರ ನನ್ನನ್ನು ಬಿಟ್ಟಿಲ್ಲ. ಪಕ್ಕದ ಮನೆಯವರಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ.