ನಾಲ್ಕು ಡಿಸ್ಕುಗಳು, ಒಂದು ಡಬ್ಬಿ ನೀಲಿ ಮಣಿ

ಮಂಗಳೂರಿಗೆ ಬಂದ ಮೂರನೆಯ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆರೆದಾಗ ನೀಲಿ ಮಣಿಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಸಿಲಿಕಾ ಜೆಲ್ ಎಂಬ ಈ ಮಣಿಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಇನ್ನು ಹೀರಲಾಗದು ಎಂದಾಗ ಬಣ್ಣ ಬದಲಿಸುತ್ತವೆ. ಧಾರವಾಡದಲ್ಲಿ ಅವನ್ನು ವರ್ಷಕ್ಕೆ ಎರಡು ಸಲ ಹುರಿದು ಒಣಗಿಸಿದರೆ ಸಾಕಾಗುತ್ತಿತ್ತು. ಇಲ್ಲಿ ಮೂರೇ ದಿನ. ನಾನಿನ್ನೂ ಸಮುದ್ರ ನೋಡಿರಲಿಲ್ಲ, ಅದು ಆಗಲೇ ನನ್ನ ಕಪಾಟಿನೊಳಗೆ ಬಂದಿತ್ತು.

ನಮ್ಮ ಧಾರವಾಡದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪತ್ರಿಕೆಗೆ ಮಂಗಳೂರಿನ ಬಗ್ಗೆ ಬರೆಯಿರಿ ಎಂದು ನೀವು ಕೇಳಿ ಎಂಟು ತಿಂಗಳಾಯಿತು. ಕಾಗದ ಬಂದ ದಿನವೇ ಉತ್ತರ ಬರೆಯುವವಳು ನಾನು. ಈ ಸಲ ತಡವಾದ ಕಾರಣ ಇದರಲ್ಲೇ ಬರುತ್ತದೆ.

ನಿವೃತ್ತಿಯ ನಂತರ ಇಲ್ಲಿನ ಒಂದು ಕಾಲೇಜು ಪ್ರಯೋಗಾಲಯದ ಕೆಲಸ ಕಲಿಸಲು ಕರೆಯಿತು. ಜೆಪ್ಪುವಿನಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ಜುಲೇಖಾ. ಆಕೆಯ ಗಂಡನಿಗೆ ಬಂದರಿನಲ್ಲಿ ದಿನಸಿ ಅಂಗಡಿ. ಐದಕ್ಕೆ ಏಳುವುದು, ಆರಕ್ಕೆ ನಡೆಯುವುದು, ಎಂಟಕ್ಕೆ ಸ್ನಾನ ಮುಗಿಸುವುದು, ಈ ಕ್ರಮವನ್ನು ಹಾಗೇ ಹೊತ್ತು ತಂದೆ. ಊರು ಅದಕ್ಕೆ ಒಪ್ಪಲಿಲ್ಲ. ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಊರಿನಿಂದ ತಂದ ಖಡಕ್ ರೊಟ್ಟಿ, ಅಲ್ಲಿ ತಿಂಗಳಾದರೂ ಪಟ್ಟನೆ ಮುರಿಯುವಂಥದ್ದು, ಸಂಜೆಯೊಳಗೆ ಒದ್ದೆ ಕಾಗದದಂತೆ ಬಾಗಿತು. ಕುಚ್ಚಲಕ್ಕಿಯ ದಪ್ಪ ಅನ್ನ ಮೊದಲ ವಾರ ಗಂಟಲಲ್ಲಿ ನಿಲ್ಲುತ್ತಿತ್ತು. ಈಗ ಬಿಳಿ ಅನ್ನ ಉಂಡರೆ ಉಂಡಂತೆ ಅನಿಸುವುದಿಲ್ಲ. ನಮ್ಮ ರವಿವಾರ ಇಲ್ಲಿ ಆದಿತ್ಯವಾರ. ಜುಲೇಖಾ ಮನೆಯಲ್ಲಿ ಬ್ಯಾರಿ ಮಾತಾಡುತ್ತಾರೆ, ರಸ್ತೆಯಲ್ಲಿ ತುಳು, ನನ್ನ ಜೊತೆ ಮಾತ್ರ ಪುಸ್ತಕದಂಥ ಕನ್ನಡ. ನನ್ನ ಧಾರವಾಡದ ಮಾತು ಅವರಿಗೆ ಬೈಗುಳದಂತೆ ಕೇಳುತ್ತಿತ್ತಂತೆ. ಅದನ್ನು ಅವರು ಹೇಳಿದ್ದು ನಾಲ್ಕು ತಿಂಗಳ ನಂತರ, ಪತ್ತಿರ್ ಎಂಬ ತೆಳುವಾದ ಅಕ್ಕಿರೊಟ್ಟಿ ತಂದುಕೊಟ್ಟು ನಗುತ್ತ.

ಮಣಿ ಹುರಿಯುವ ಕೆಲಸವನ್ನು ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಇಟ್ಟುಕೊಂಡೆ. ಎರಡು ಡಬ್ಬಿ ಮಣಿ, ವಾರದ ನಡುವೆ ಒಂದು ಗುಲಾಬಿಯಾದರೆ ಇನ್ನೊಂದನ್ನು ಇಡಲು. ಅಡುಗೆಗೆ ಬಳಸದ ಬೇರೆಯೇ ಬಾಣಲೆ. ಮೊದಲ ಸಲ ನೋಡಿದ ಜುಲೇಖಾ ಬಾಗಿಲಲ್ಲೇ ನಿಂತರು.

“ಅದೆಂತ ಟೀಚರ್ ಹುರಿಯುವುದು? ಸಾಬಕ್ಕಿಯಾ?”

ಕಪಾಟಿನಲ್ಲಿರುವ ಕಂಪ್ಯೂಟರ್ ಡಿಸ್ಕುಗಳಿಗೆ ಬೂಸ್ಟು ಹಿಡಿಯದ ಹಾಗೆ ಇಡಲು ಎಂದು ವಿವರಿಸಿದೆ. ಹಾಗಾದರೆ ನಿಮ್ಮ ರೊಟ್ಟಿ ಡಬ್ಬಿಗೂ ಒಂದು ಹಿಡಿ ಹಾಕಿ ಎಂದರು. ಅದು ವಿಷ ಎಂದಾಗ, ವಿಷ ಹಾಕಿ ಕಾಯುವಂಥದ್ದು ಆ ಡಿಸ್ಕಿನಲ್ಲಿ ಎಂತ ಉಂಟು ಎಂದು ಕೇಳಿದರು. ನಾನು ಬಾಣಲೆಯ ಮಣಿಗಳನ್ನು ತಿರುವಿದೆ.

ಅದರಲ್ಲಿದ್ದದ್ದು ಇದು. ನಮ್ಮ ಜೀವಕೋಶದ ಪೊರೆಯಲ್ಲಿ ರಿಸೆಪ್ಟರ್ ಎಂಬ ಪ್ರೋಟೀನುಗಳು ನೆಟ್ಟುಕೊಂಡಿರುತ್ತವೆ. ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಅವುಗಳ ಕೆಲಸ. ಅನೇಕ ಮದ್ದುಗಳು ಹೋಗಿ ಕೂರುವುದೂ ಅವುಗಳ ಗುಳಿಯಲ್ಲೇ. ಹದಿನಾಲ್ಕು ವರ್ಷಗಳ ಹಿಂದೆ ಅಂಥದ್ದೊಂದನ್ನು ಹರಳುಗಟ್ಟಿಸಿ, ವಿದೇಶದ ಒಂದು ಕೇಂದ್ರದಲ್ಲಿ ಅದರ ಮೇಲೆ ಎಕ್ಸ್‌ರೇ ಹಾಯಿಸಿ, ಚುಕ್ಕೆಗಳ ಸಾವಿರಾರು ಚಿತ್ರ ತೆಗೆದುಕೊಂಡು ಬಂದೆ. ಚುಕ್ಕೆಗಳಿಂದ ಅಂಕಿ, ಅಂಕಿಗಳಿಂದ ನಕ್ಷೆ, ನಕ್ಷೆಯೊಳಗೆ ಪ್ರೋಟೀನಿನ ಆಕಾರ. ಗುಳಿಯಲ್ಲಿ ಒಂದು ಮಸುಕು ಗುಡ್ಡೆ ಕಂಡಿತು. ಅದು ನಾವು ಹರಳಿಗೆ ಸೇರಿಸಿದ್ದ ಮದ್ದಿನ ಅಣುವೇ ಎಂದು ಬರೆದೆ. ನೀವೆಲ್ಲ ಪತ್ರಿಕೆಯಲ್ಲಿ ಓದಿ ಹಾರ ಹಾಕಿದ್ದು ಆ ಲೇಖನಕ್ಕೆ. ಅಂಕಿಗಳನ್ನೂ ಆಕಾರವನ್ನೂ ನಿಯಮದಂತೆ ಸಾರ್ವಜನಿಕ ಭಂಡಾರಕ್ಕೆ ಕೊಟ್ಟೆ. ಮೂಲ ಚಿತ್ರಗಳನ್ನು ಯಾರೂ ಕೇಳಲಿಲ್ಲ. ಎರಡು ವರ್ಷದ ನಂತರ ನನಗೇ ಅನುಮಾನ ಬಂತು: ಆ ಗುಡ್ಡೆಯ ಅರ್ಧಕ್ಕಷ್ಟೇ ಅಣು ಹೊಂದುತ್ತಿತ್ತು. ಮತ್ತೆ ತೆರೆದು ನೋಡಲಿಲ್ಲ. ಚಿತ್ರಗಳಿದ್ದ ನಾಲ್ಕು ಡಿಸ್ಕುಗಳಿಗೆ ಚೀಟಿ ಅಂಟಿಸಿ, ಮಣಿ ಹಾಕಿ ಮುಚ್ಚಿಟ್ಟೆ.

ಶರ್ಮಿಳಾ ನಾನೀಗ ಕಲಿಸುವ ಇಲ್ಲಿನ ಕಾಲೇಜಿನಲ್ಲೇ ಸಂಶೋಧನೆ ಮಾಡುವ ಹುಡುಗಿ. ಬೆಂಗ್ರೆಯವಳು, ದೋಣಿಯಲ್ಲಿ ಹೊಳೆ ದಾಟಿ ಬರುತ್ತಾಳೆ. ಶನಿವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಮನೆಗೆ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ ವಾರದ ಕೆಲಸ ಹೇಳುತ್ತಿದ್ದಳು. ಈ ಊರಿನಲ್ಲಿ ನಾನು ಕಾಯುತ್ತಿದ್ದದ್ದು ಆ ಒಂದು ಗಂಟೆಯನ್ನು. ನನ್ನ ಲೇಖನದ ಆಕಾರವನ್ನು ನಂಬಿ ಅವಳು ಮೂರು ವರ್ಷ ಹೊಸ ಅಣುಗಳನ್ನು ತಯಾರಿಸಿದ್ದಳು. ಒಂದೂ ಆ ಗುಳಿಯಲ್ಲಿ ಕೂರಲಿಲ್ಲ. ಪ್ರಬಂಧ ಒಪ್ಪಿಸಲು ಉಳಿದದ್ದು ಒಂದೇ ವರ್ಷ. ಕಳೆದ ಮಳೆಗಾಲದಲ್ಲಿ ಅವಳು ಕೇಳಿದಳು, ಮೇಡಂ, ಮೂಲ ಚಿತ್ರಗಳು ಸಿಕ್ಕಿದರೆ ಹೊಸ ತಂತ್ರಾಂಶದಲ್ಲಿ ಮತ್ತೆ ಲೆಕ್ಕ ಹಾಕಬಹುದು, ಆಗ ಬಿಟ್ಟ ತೆಳು ಚುಕ್ಕೆಗಳನ್ನೂ ಈಗ ಓದಬಹುದು.

“ಅವು ಎಲ್ಲಿ ಅದಾವ ಈಗ,” ಎಂದೆ. “ಇಲ್ಲಿಗೆ ಬಂದ ಮ್ಯಾಲೆ ಬೂಸ್ಟು ಹಿಡದು ಹಾಳಾದ್ವು.”

ಅವಳು ನನ್ನನ್ನೇ ಸಮಾಧಾನಪಡಿಸಿದಳು. ಇಲ್ಲಿನ ಹವೆಯೇ ಹಾಗೆ ಮೇಡಂ, ನೀವೆಂತ ಮಾಡ್ಲಿಕ್ಕಾಗ್ತದೆ ಎಂದಳು. ನಾನು ಚಹಾ ಸೋಸಿದೆ. ಮರುದಿನ ಏಳಕ್ಕೆ ಎಂದಿನಂತೆ ಮಣಿ ಹುರಿದೆ. ಹೀಗೆ ಐದು ತಿಂಗಳು. ಪ್ರತಿ ಶನಿವಾರ ಅವಳ ಸೋಲನ್ನು ಕೇಳಿ ಸಲಹೆ ಕೊಡುತ್ತಿದ್ದೆ, ಪ್ರತಿ ಆದಿತ್ಯವಾರ ಸುಳ್ಳನ್ನು ಒಣಗಿಸಿ ಇಡುತ್ತಿದ್ದೆ.

ಒಂದು ಶನಿವಾರ ಅವಳು ಬೇಗನೆ ಬಂದಳು. ಸ್ನಾನ ಮುಗಿಸಿ ಹೊರಬಂದಾಗ ಕೆಳಗಿನ ಜಗಲಿಯಿಂದ ಜುಲೇಖಾರ ಸ್ವರ ಕೇಳಿಸಿತು. ನನ್ನನ್ನು ಹೊಗಳುತ್ತಿದ್ದರು.

“ಎಂಥ ಶಿಸ್ತು ಗೊತ್ತುಂಟಾ ಮಾರಾಯ್ತಿ. ಕಪಾಟಲ್ಲಿ ನಾಲ್ಕು ಡಿಸ್ಕ್ ಉಂಟು, ಅದಕ್ಕೆ ಮಣಿ ಹುರಿದು ಇಡುವುದು, ಒಂದು ಆದಿತ್ಯವಾರ ತಪ್ಪಲಿಕ್ಕಿಲ್ಲ. ಬೂಸ್ಟು ಅದರ ಹತ್ತಿರ ಬರುದಿಲ್ಲ.”

ಮೆಟ್ಟಿಲ ಮೇಲೆ ನಿಂತ ನನಗೆ ಇಳಿಯಲೂ ಆಗಲಿಲ್ಲ, ಹಿಂದೆ ಹೋಗಲೂ ಆಗಲಿಲ್ಲ. ಶರ್ಮಿಳಾ ಮೇಲೆ ಬಂದಳು. ಕೂರಲಿಲ್ಲ. ಕಪಾಟಿನ ಕಡೆ ನೋಡಿದಳು.

“ಮಣಿ ನೀಲಿ ಉಂಟಾ ಮೇಡಂ?”

“ನೀಲಿ ಅದಾವು,” ಎಂದೆ.

ಅವಳು ತಲೆಯಾಡಿಸಿ, ದೋಣಿಗೆ ಹೊತ್ತಾಯಿತು ಎಂದು ಹೊರಟಳು. ಬಂದು ಐದು ನಿಮಿಷವೂ ಆಗಿರಲಿಲ್ಲ.

ಆ ದಿನ ಮಧ್ಯಾಹ್ನ ಡಿಸ್ಕುಗಳನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಸಲ ಬೆಂಗ್ರೆಯ ದೋಣಿ ಹತ್ತಿದೆ. ನೀರು ತಾಗದಂತೆ ಚೀಲವನ್ನು ಎದೆಗೆ ಒತ್ತಿಕೊಂಡಿದ್ದೆ. ಅವಳ ತಂದೆ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದರು. ಎದ್ದು ನಿಂತು, ಕೈ ಒರೆಸಿಕೊಂಡು, ಕುರ್ಚಿ ತಂದರು. ಬೈಗುಳಕ್ಕೆ ನಾನು ಸಿದ್ಧಳಾಗಿ ಹೋಗಿದ್ದೆ.

“ನಮ್ಮ ಮಗಳಿಗೆ ನೀವು ತುಂಬ ಸಹಾಯ ಮಾಡಿದ್ದೀರಂತೆ. ಶನಿವಾರ ಬಂದು ಹೇಳ್ತಾಳೆ ಯಾವಾಗಲೂ,” ಎಂದರು. “ನಮಗೆ ಅದೆಲ್ಲ ಅರ್ಥ ಆಗುದಿಲ್ಲ ಟೀಚರ್. ನೀವಿದ್ದೀರಿ ಅಂತ ಧೈರ್ಯ.”

ಅವಳು ಮನೆಯಲ್ಲಿ ಹೇಳಿರಲಿಲ್ಲ. ಅವಳ ತಾಯಿ ಕೊಟ್ಟ ಚಹಾವನ್ನು ಪೂರ್ತಿ ಕುಡಿದೆ, ಒಂದು ಗುಟುಕನ್ನೂ ಬಿಡುವ ಹಕ್ಕು ನನಗಿರಲಿಲ್ಲ. ಡಿಸ್ಕುಗಳನ್ನು ಶರ್ಮಿಳಾಳ ಕೈಗೆ ಕೊಟ್ಟು, ತಪ್ಪು ಮಾಡಿದೆ ಎಂದು ಅವರೆಲ್ಲರ ಎದುರೇ ಹೇಳಿದೆ. ತಂದೆಗೆ ಅರ್ಥವಾಗದೆ ಮಗಳ ಮುಖ ನೋಡಿದರು. ಅವಳು ತುಳುವಿನಲ್ಲಿ ಏನೋ ಹೇಳಿದಳು. ಅವರು ಮತ್ತೆ ಬಲೆಯ ಮುಂದೆ ಕೂತರು, ದೋಣಿಯವರೆಗೆ ಬಿಡಲು ಬರಲಿಲ್ಲ.

ಆರು ವಾರದಲ್ಲಿ ಹೊಸ ನಕ್ಷೆ ಬಂತು. ಗುಳಿಯಲ್ಲಿ ಇದ್ದದ್ದು ಮದ್ದಿನ ಅಣುವಲ್ಲ, ಪೊರೆಯಿಂದ ಬಂದು ಸಿಕ್ಕಿಕೊಂಡ ಒಂದು ಕೊಬ್ಬಿನ ಅಣುವಿನ ಬಾಲ. ಅವಳು ಅಣುಗಳಿಗೆ ಬೇರೆ ರೂಪ ಕೊಟ್ಟು ಮತ್ತೆ ಮೊದಲಿನಿಂದ ಶುರುಮಾಡಿದ್ದಾಳೆ. ಪ್ರಬಂಧಕ್ಕೆ ಇನ್ನೊಂದು ವರ್ಷ ಕೇಳಿ ಅರ್ಜಿ ಹಾಕಿದ್ದಾಳೆ. ನಾನು ಲೇಖನಕ್ಕೆ ತಿದ್ದುಪಡಿ ಬರೆದು ಕಳಿಸಿದೆ. ಮೂಲ ಚಿತ್ರಗಳನ್ನೆಲ್ಲ, ಅವಳೇ ತೋರಿಸಿಕೊಟ್ಟಂತೆ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಸಾರ್ವಜನಿಕ ಭಂಡಾರಕ್ಕೆ ಏರಿಸಿದೆ. ಏರಲು ಎರಡು ದಿನ ಹಿಡಿಯಿತು. ಅಡಗಿಸಿಡಲು ಹನ್ನೆರಡು ವರ್ಷ.

ಹಳೆಯ ವಿದ್ಯಾರ್ಥಿಗಳ ಡಿಸೆಂಬರಿನ ಸಭೆಗೆ ನೀವು ಕಳಿಸಿದ ಆಮಂತ್ರಣದ ಕರಡು ತಲುಪಿದೆ. ಅದರಲ್ಲಿ ಆ ಲೇಖನದ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ದಯವಿಟ್ಟು ತೆಗೆಯಿರಿ, ನನಗೆ ಇಟ್ಟ ಸನ್ಮಾನವನ್ನೂ ತೆಗೆಯಿರಿ. ಅಲ್ಲಿ ನಾನು ನಡೆದು ಬಂದರೆ ಎದ್ದು ನಿಲ್ಲುತ್ತೀರಿ. ಇಲ್ಲಿ ಜುಲೇಖಾರಿಗೆ ಎಲ್ಲ ಗೊತ್ತಾಗಿದೆ. ತಾನು ಬಾಯಿ ಬಿಟ್ಟದ್ದೇ ತಪ್ಪಾಯಿತೆಂದು ಆಕೆ ನನ್ನ ಬಳಿ ಕ್ಷಮೆ ಕೇಳಿದ್ದೂ ಆಯಿತು. ಅದಕ್ಕಿಂತ ದೊಡ್ಡ ನಾಚಿಕೆ ನನಗಿನ್ನೂ ಆಗಿಲ್ಲ. ಪತ್ತಿರ್ ಈಗಲೂ ಮೇಲೆ ಬರುತ್ತದೆ. ಶರ್ಮಿಳಾ ಕಾಲೇಜಿನಲ್ಲಿ ಮೊದಲಿನಂತೆಯೇ ಮೇಡಂ ಎನ್ನುತ್ತಾಳೆ, ಕೆಲಸದ ಮಾತು ಆಡುತ್ತಾಳೆ. ಮನೆಗೆ ಬಂದಿಲ್ಲ.

ಸಭೆಗೆ ಖಂಡಿತ ಬರುತ್ತೇನೆ, ಊರನ್ನು ನೋಡದೆ ಇರಲಾಗುತ್ತಿಲ್ಲ. ನಮ್ಮ ಒಣ ಗಾಳಿಯಲ್ಲಿ ಒಂದು ಖಡಕ್ ರೊಟ್ಟಿ ಮುರಿಯಬೇಕು. ಆದರೆ ಗುರುವಾರ ಬಂದು ಶುಕ್ರವಾರ ಸಂಜೆಯೇ ಬಸ್ಸು ಹತ್ತುತ್ತೇನೆ, ಉಳಿಸಿಕೊಳ್ಳಬೇಡಿ. ಶನಿವಾರ ಎಂಟೂವರೆಗೆ ನಾನು ಜೆಪ್ಪುವಿನಲ್ಲಿರಬೇಕು. ಕಿಟಕಿಯ ಪಕ್ಕದ ಕುರ್ಚಿ ಒರೆಸಿ, ಎರಡು ಲೋಟ ಚಹಾಕ್ಕೆ ನೀರಿಡುವ ಹೊತ್ತು ಅದು.