ಚಿಂದಿ ಬೆಳ್ಳಗೆ ಬರುವ ತನಕ

ತೂತಿರುವ ಯಾವ ವಸ್ತು ಕೈಗೆ ಸಿಕ್ಕಿದರೂ ಶೇಖರಣ್ಣ ಅದನ್ನು ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಒಳಗೆ ಇಣುಕುತ್ತಿದ್ದರು. ಜ್ಯೂಸಿನ ಸ್ಟ್ರಾ, ಸುರುಳಿ ಸುತ್ತಿದ ಕ್ಯಾಲೆಂಡರು, ರೀಫಿಲ್ ತೆಗೆದ ಪೆನ್ನು, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಮಲಯಾಳಿ ಹೋಟೆಲಿನಲ್ಲಿ ಅಕ್ಕಿಹಿಟ್ಟಿನ ಪುಟ್ಟು ಬೇಯಿಸುವ ಕೊಳವೆಯನ್ನೇ ಕೇಳಿ ತೆಗೆದುಕೊಂಡು, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಒಳಗೆ ಸರಿ ತೊಳೆಯುದಿಲ್ಲ ನೀವು" ಎಂದು ಹಿಂದಿರುಗಿಸಿದ್ದರು. ಹೋಟೆಲಿನವನು ಇವರನ್ನು ಮುನಿಸಿಪಾಲಿಟಿಯವರೆಂದು ತಿಳಿದು ಅಂದು ನಮಗೆ ಒಂದು ಪ್ಲೇಟು ಕಡಲೆ ಗಸಿ ಹೆಚ್ಚು ತಂದಿಟ್ಟ.

ದೋಹಾದ ಹೊರವಲಯದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಗುಮಾಸ್ತ. ಕೋವಿಗಳ ರಿಜಿಸ್ಟರು, ತೋಟೆಗಳ ಲೆಕ್ಕ, ಮ್ಯಾನೇಜರ್ ಫಾದಿಯವರ ಪತ್ರಗಳು ಎಲ್ಲ ನನ್ನ ಮೇಜಿನ ಮೇಲೆಯೇ. ಶೇಖರಣ್ಣ ಅಲ್ಲಿನ ಆರ್ಮರರ್, ಅಂದರೆ ಕೋವಿಗಳನ್ನು ಬಿಚ್ಚಿ, ತೊಳೆದು, ಸರಿ ಮಾಡಿ ಇಡುವವರು. ಕಾರ್ಕಳದ ಕಡೆಯವರು. ಸೇನೆಯಲ್ಲಿ ಅದೇ ಕೆಲಸ ಮಾಡಿ ಹವಾಲ್ದಾರರಾಗಿ ನಿವೃತ್ತರಾದವರು. ನಮ್ಮ ಕರಾವಳಿಯಲ್ಲಿ ಕೆಥೋಲಿಕರನ್ನು ಕರೆಯುವಂತೆ ನನ್ನನ್ನು 'ಪೊರ್ಬುಗಳೇ' ಎನ್ನುತ್ತಿದ್ದರು. ಅಪ್ಪನ ಮಾಸ್ತರಿಕೆಯ ದೆಸೆಯಿಂದ ನಾನು ಶಿವಮೊಗ್ಗದಲ್ಲಿ ಬೆಳೆದವನು. ತುಳು ಅರ್ಥವಾಗುತ್ತದೆ, ಆಡಲು ಹೊರಟರೆ ಕೇಳಿದವರು ನಗುತ್ತಾರೆ. ಹಾಗಾಗಿ ಶೇಖರಣ್ಣ ನನಗೆ ಮರ್ಯಾದೆ ಕೊಟ್ಟು ಕನ್ನಡದಲ್ಲೇ ಮಾತಾಡುತ್ತಿದ್ದರು.

ಅವರಿಗೆ ಒಂದೇ ಒಂದು ಶಾಸ್ತ್ರ ಗೊತ್ತಿತ್ತು. ಯಾವುದು ಕೆಟ್ಟರೂ ಒಮ್ಮೆಗೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಜನ್ಮದಲ್ಲಿ ತಿಳಿಯುವುದಿಲ್ಲ. ಒಂದು ವರ್ಷ ನನಗೆ ಎದೆಯುರಿ ಶುರುವಾಯಿತು. ಡಾಕ್ಟರು ಚಹಾ, ಖಾರ, ಮೀನು ಮೂರನ್ನೂ ಬಿಡಿ ಎಂದರು. ಶೇಖರಣ್ಣನಿಗೆ ಡಾಕ್ಟರ ಮೇಲೆ ಸಿಟ್ಟೇ ಬಂತು.

"ಮೂರೂ ಒಟ್ಟಿಗೆ ಬಿಡ್ಲಿಕ್ಕೆ ಅವರಿಗೆ ಎಂತ ತಲೆಬಿಸಿಯಾ? ಈ ವಾರ ಚಹಾ ಬಿಡಿ. ಮೀನು ಪಾಪ, ಅದು ಎಂತ ಮಾಡಿದೆ ನಿಮಗೆ?"

ಮೂರು ವಾರ ಎದೆಯುರಿ ಅನುಭವಿಸಿದ ಮೇಲೆ ಅಪರಾಧಿ ನಾನು ದಿನಕ್ಕೆ ಐದು ಸಲ ಕುಡಿಯುವ ಕರಕ್ ಚಹಾ ಅಲ್ಲ, ಹೆಂಡತಿ ಊರಿನಿಂದ ಕಳಿಸಿದ ಸಿಹಿ ನಿಂಬೆ ಉಪ್ಪಿನಕಾಯಿ ಎಂದು ಗೊತ್ತಾಯಿತು. ಅದು ಡಾಕ್ಟರ ಪಟ್ಟಿಯಲ್ಲೂ ಇರಲಿಲ್ಲ, ಶೇಖರಣ್ಣನ ಪಟ್ಟಿಯಲ್ಲೂ ಇರಲಿಲ್ಲ. ಅವರು ಆ ಬಾಟ್ಲಿಯನ್ನು ತಾವೇ ಒಯ್ದು ಖಾಲಿ ಮಾಡಿದರು.

ಇನ್ನು ಅವರ ಸಂಜೆಯ ಪೂಜೆಯ ವಿಷಯ ಹೇಳಬೇಕು. ಕ್ಲಬ್ಬಿನಲ್ಲಿ ಒಂದೇ ಜಾತಿಯ ಆರು ರೈಫಲ್ಲುಗಳಿದ್ದವು. ಸಣ್ಣ ತೋಟೆಯವು, ಒಂದು ಗುಂಡು ಹಾರಿದೊಡನೆ ಮುಂದಿನದು ತಾನಾಗಿಯೇ ಬಂದು ಕೂರುವ ಅರೆ-ಸ್ವಯಂಚಾಲಿತ ಬಗೆಯವು. ಸದಸ್ಯರು ಮನೆಗೆ ಹೋದ ಮೇಲೆ ಶೇಖರಣ್ಣ ಒಂದೊಂದನ್ನೇ ಮಂಡಿಯ ಮೇಲೆ ಮಲಗಿಸಿಕೊಂಡು, ಉಕ್ಕಿನ ಸರಳಿನ ತುದಿಗೆ ಬಿಳಿ ಬಟ್ಟೆಯ ಚಿಂದಿ ಸಿಕ್ಕಿಸಿ, ನಳಿಗೆಯ ಬಾಯಿಯಿಂದ ಒಳಕ್ಕೆ ತಳ್ಳಿ ಎಳೆಯುತ್ತಿದ್ದರು. ಆ ಜಾತಿಯ ಕೋವಿಯ ಹಿಂಬದಿ ಮುಚ್ಚಿರುವುದರಿಂದ ಸರಳು ಮುಂದಿನಿಂದಲೇ ಹೋಗಬೇಕು. ಚಿಂದಿ ಕಪ್ಪಗೆ ಬಂದರೆ ಇನ್ನೊಂದು. ಬೂದಿಬಣ್ಣ ಬಂದರೆ ಮತ್ತೊಂದು. ಬೆಳ್ಳಗೆ ಬರುವ ತನಕ ಬಿಡುತ್ತಿರಲಿಲ್ಲ. ರೇಂಜ್ ನೋಡಿಕೊಳ್ಳುತ್ತಿದ್ದ ಫಿಲಿಪಿನೋ ಗೆಳೆಯನೊಬ್ಬ, ಈ ಸಣ್ಣ ತೋಟೆಯ ಕೋವಿಗಳಿಗೆ ದಿನಾ ಇಷ್ಟು ಉಜ್ಜುವುದು ಬೇಡ ಎಂದು ಹೇಳಿ ನೋಡಿದ. ಶೇಖರಣ್ಣ ನನ್ನ ಕಡೆ ತಿರುಗಿ, "ಸ್ನಾನ ಮಾಡದವನು ಹೇಳುವ ಮಾತು" ಎಂದರು. ಹನ್ನೊಂದು ವರ್ಷ ಒಂದು ಸಂಜೆಯೂ ತಪ್ಪಿಸಲಿಲ್ಲ. ಆ ನಿಷ್ಠೆ ನೋಡಿ ನನಗೆ ನಾಚಿಕೆಯಾಗುತ್ತಿತ್ತು, ನಾನು ರಿಜಿಸ್ಟರನ್ನು ವಾರಕ್ಕೊಮ್ಮೆ ತುಂಬಿಸುವವನು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ದೂರುಗಳು ಬರತೊಡಗಿದವು. ಮೊದಲು ಐವತ್ತು ಮೀಟರಿನಿಂದ ಐದು ಗುಂಡು ಹೊಡೆದರೆ ಐದು ತೂತುಗಳೂ ಇಲ್ಲಿನ ಐವತ್ತು ದಿರ್ಹಮ್, ಅಂದರೆ ಅರ್ಧ ರಿಯಾಲ್ ನಾಣ್ಯದ ಅಡಿಯಲ್ಲಿ ಮುಚ್ಚಿಹೋಗುತ್ತಿದ್ದವು. ಈಗ ಚಹಾದ ಸಾಸರು ಇಟ್ಟರೂ ಒಂದೆರಡು ಹೊರಗುಳಿಯುತ್ತಿದ್ದವು. ಎಲ್ಲಕ್ಕಿಂತ ಕೆಟ್ಟದ್ದು ನಾಲ್ಕನೇ ನಂಬರು. ಸದಸ್ಯರಿಗೆ ಸರಿಯಾಗಿ ಹೊಡೆಯಲು ಬರುವುದಿಲ್ಲ, ಅಷ್ಟೆ ಎಂದು ನಾನು ಹೇಳಿದೆ. ಶೇಖರಣ್ಣ ಒಪ್ಪಲಿಲ್ಲ.

"ಕುಣಿಲಿಕ್ಕೆ ಬಾರದವಳು ನೆಲ ಡೊಂಕು ಅಂದಳು ಅಂತಾರಲ್ಲ. ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಿರ್ತದೆ ಪೊರ್ಬುಗಳೇ. ಮೊದಲು ನೆಲ ನೋಡ್ಬೇಕು. ಹೊಡೆಯುವವನ ಮೇಲೆ ಸಂಶಯ ಕಡೆಗೆ."

ಅದೇ ಸಮಯಕ್ಕೆ ಅವರ ಕೆಲಸದ ಕರಾರು ಮುಗಿಯುವುದರಲ್ಲಿತ್ತು. ಅರವತ್ತು ತುಂಬುತ್ತಿದ್ದವರಿಗೆ ಅದನ್ನು ಮುಂದುವರಿಸಬೇಕೋ ಬೇಡವೋ ಎಂಬುದು ಫಾದಿಯವರ ಕೈಯಲ್ಲಿತ್ತು. ಫಾದಿ ಲೆಬನಾನಿನವರು, ಕೆಟ್ಟವರೇನಲ್ಲ. ಕೋವಿಗಳು ಸರಿಯಾದರೆ ಎರಡು ವರ್ಷ ಮುಂದುವರಿಸುತ್ತೇನೆ, ಆಗದಿದ್ದರೆ ಖಲಾಸ್ ಎಂದು ನನ್ನ ಎದುರಿನಲ್ಲೇ ಹೇಳಿದರು. ಹೆಂಡತಿ ತೀರಿಹೋದ ಮೇಲೆ ಶೇಖರಣ್ಣನಿಗೆ ಊರಿನಲ್ಲಿ ಯಾವ ಕೊರತೆಯೂ ಇರಲಿಲ್ಲ, ಯಾವ ಕೆಲಸವೂ ಇರಲಿಲ್ಲ. "ಪೆನ್ಶನ್ ಉಂಟು, ತಮ್ಮನ ಮನೆಯಲ್ಲಿ ಒಂದು ರೂಮು ಉಂಟು" ಎಂದು ಒಮ್ಮೆ ಹೇಳಿದ್ದರು. "ಆದ್ರೆ ಅಲ್ಲಿ ನಾನು ಯಾರು ಹೇಳಿ? ಟಿವಿ ನೋಡುವ ಮುದುಕ. ಇಲ್ಲಿ ಕೋವಿ ನನ್ನ ಮಾತು ಕೇಳ್ತದೆ."

ನಾಲ್ಕನೇ ನಂಬರನ್ನು ಮೇಜಿನ ಮೇಲೆ ಮಲಗಿಸಿ ಹುಡುಕಾಟ ಶುರು ಮಾಡಿದರು. ಮೊದಲ ದಿನ ಎಲ್ಲ ತಿರುಪುಗಳನ್ನು ಬಿಗಿಮಾಡಿ ಐದು ಗುಂಡು. ಮರುದಿನ ಅದರ ದುರ್ಬೀನು ತೆಗೆದು ಬೇರೆ ದುರ್ಬೀನು ಕೂರಿಸಿ ಐದು ಗುಂಡು. ಆಮೇಲೆ ಹೊಸ ಪೆಟ್ಟಿಗೆಯ ತೋಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಬಾರದು ಎಂದು ಹಳೆಯ ತೋಟೆಯಲ್ಲೂ ಮತ್ತೆ ಐದು. ತೋಟೆ ತುಂಬುವ ಮ್ಯಾಗಜೀನಿನ ಅಂಚು ತೋಟೆಯ ಸೀಸದ ಮೂತಿಯನ್ನು ಗೀರುತ್ತಿರಬಹುದೆಂದು ಒಂದೊಂದನ್ನೇ ಕೈಯಿಂದ ತುಂಬಿಸಿ ಇನ್ನೊಂದು ಐದು. ತಮ್ಮ ಕೈ ನಡುಗುತ್ತಿರಬಹುದೆಂದು ಕೋವಿಯನ್ನು ಮರಳಿನ ಚೀಲಗಳ ಮೇಲಿಟ್ಟು ಹೊಡೆದರು. ಪ್ರತಿ ಸಲವೂ ತೂತುಬಿದ್ದ ಕಾಗದ ತಂದು ನನ್ನ ಮೇಜಿನ ಮೇಲಿಟ್ಟು, "ಫೈಲ್ ಮಾಡಿ. ಇದು ಅಲ್ಲ ಅಂತ ಗೊತ್ತಾಯ್ತು" ಎನ್ನುತ್ತಿದ್ದರು. ಮೊದಮೊದಲು ಆ ಮಾತಿನಲ್ಲಿ ಉತ್ಸಾಹವಿತ್ತು. ಎರಡನೇ ವಾರ ಕಾಗದವನ್ನು ಸುಮ್ಮನೆ ಇಟ್ಟು ಹೋಗತೊಡಗಿದರು. ಆಗಲೂ ಸಂಜೆ ಆರೂ ಕೋವಿಗಳಿಗೆ ಸರಳು ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ನಾಲ್ಕನೆಯದಕ್ಕೆ ಹೆಚ್ಚೇ ಉಜ್ಜಿದರು.

ಒಂದು ಗುರುವಾರ ಮಧ್ಯಾಹ್ನ ನನ್ನನ್ನು ತಮ್ಮ ಕೆಲಸದ ಕೋಣೆಗೆ ಕರೆದರು. ಕೈಯಲ್ಲಿ ಕಿವಿಗೆ ಹಾಕುವ ಹತ್ತಿಯ ಕಡ್ಡಿಯಿತ್ತು. ಅದನ್ನು ನಳಿಗೆಯ ಬಾಯಿಯ ಒಳಗಿನಿಂದ ಹೊರಕ್ಕೆ, ಅಂಚಿನ ಸುತ್ತಲೂ ನಿಧಾನವಾಗಿ ಎಳೆದು ತೋರಿಸಿದರು. ಗುಂಡು ಹೊರಬೀಳುವಾಗ ಕಡೆಯದಾಗಿ ಮುಟ್ಟುವುದು ಆ ಅಂಚನ್ನು. ಅದು ಸುತ್ತಲೂ ಒಂದೇ ಸಮ ಹರಿತವಾಗಿದ್ದರೆ ಗುಂಡು ನೇರ ಹೋಗುತ್ತದೆ. ಹತ್ತಿಯ ನೂಲು ಮೇಲ್ಭಾಗದಲ್ಲಿ ಚೂರು ಹಿಡಿಯುತ್ತಿತ್ತು. ಕೆಳಭಾಗದಲ್ಲಿ ಎಲ್ಲೂ ಹಿಡಿಯದೆ ಜಾರಿ ಬರುತ್ತಿತ್ತು. ಭೂತಗನ್ನಡಿ ಕೊಟ್ಟರು. ದುಂಡಗಿರಬೇಕಾದ ಬಾಯಿ ಕೆಳಕ್ಕೆ ಸವೆದು ಮೊಟ್ಟೆಯಾಕಾರವಾಗಿದ್ದುದು ನನ್ನಂಥವನಿಗೂ ಕಂಡಿತು.

"ಯಾರು ಸವೆಸಿದ್ದು?" ಎಂದು ಕೇಳಿದೆ. ಎಂಥ ಪೆದ್ದು ಪ್ರಶ್ನೆ ಅದು.

ಶೇಖರಣ್ಣ ಗೋಡೆಗೆ ಒರಗಿಸಿಟ್ಟ ಉಕ್ಕಿನ ಸರಳಿನ ಕಡೆ ಗದ್ದ ಎತ್ತಿ ತೋರಿಸಿದರು. ಉಳಿದ ಐದನ್ನೂ ಒಂದೊಂದಾಗಿ ತಂದು ಹತ್ತಿ ಹಾಕಿ ನೋಡಿದರು. ಎಲ್ಲದರ ಬಾಯಿಯೂ ಅದೇ ಕಡೆ, ಅವರ ಕೈಯ ಭಾರ ಬೀಳುವ ಕಡೆಗೇ ಸವೆದಿತ್ತು.

"ಸೇನೆಯಲ್ಲಿ ಹಗ್ಗ ಕೊಡ್ತಿದ್ರು" ಎಂದರು. "ಹಗ್ಗಕ್ಕೆ ಚಿಂದಿ ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆಯುದು. ಇದರಲ್ಲೂ ಖಾಲಿ ತೋಟೆ ಹಾರುವ ಪಕ್ಕದ ಕಿಂಡಿಯಿಂದ ಹಗ್ಗ ಬಗ್ಗಿ ಒಳಗೆ ಹೋಗ್ತದೆ, ರಾಡ್ ಬಗ್ಗುದಿಲ್ಲ. ಇಲ್ಲಿ ಬಂದಾಗ ಪೆಟ್ಟಿಗೆಯಲ್ಲಿ ರಾಡ್ ಇತ್ತು. ಫಾರಿನ್ ರಾಡ್ ಅಲ್ವಾ, ಹಗ್ಗಕ್ಕಿಂತ ಒಳ್ಳೇದು ಅಂತ ಅಂದ್ಕೊಂಡೆ. ಎಲ್ಲರ ಮೇಲೆ ಸಂಶಯ ಮಾಡಿದೆ ಪೊರ್ಬುಗಳೇ. ತೋಟೆ, ತಿರುಪು, ಹೊಡೆಯುವವರು. ಉಜ್ಜುವವನು ಲಿಸ್ಟಲ್ಲೇ ಇರ್ಲಿಲ್ಲ."

ಮರುದಿನ ಶುಕ್ರವಾರ, ಇಲ್ಲಿ ವಾರದ ರಜೆ. ಎಂದಿನಂತೆ ಅಬು ಹಮೂರಿನ ಇಗರ್ಜಿಗೆ ನನ್ನ ಕಾರಿನಲ್ಲಿ ಅವರೂ ಬಂದರು. ನಾನು ಚರ್ಚಿನ ಪೂಜೆ ಮುಗಿಸಿ ಬರುವ ತನಕ ಅವರು ಕಾರಿನಲ್ಲೇ ಕೂರುವುದು, ಆಮೇಲೆ ಇಬ್ಬರೂ ನಾಷ್ಟಾ ಮಾಡುವುದು ನಮ್ಮ ವಾಡಿಕೆ. ಆ ದಿನ ನಾನು ಬರುವಷ್ಟರಲ್ಲಿ ಅವರು ತೀರ್ಮಾನ ಮಾಡಿ ಮುಗಿಸಿದ್ದರು.

"ರಿಪೋರ್ಟ್ ನೀವೇ ಟೈಪ್ ಮಾಡ್ಬೇಕು. ಕಾರಣ ಸ್ಪಷ್ಟ ಹಾಕಿ. ಮುಂದಿನಿಂದ ರಾಡ್ ಹಾಕಿ ಉಜ್ಜಿದ್ದರಿಂದ ನಳಿಗೆಯ ಬಾಯಿ ಹೋಗಿದೆ. ಉಜ್ಜಿದ್ದು ನಾನು. ಇನ್ನು ಮೇಲೆ ಹಗ್ಗವೇ ಆಗ್ಬೇಕು, ಅದೂ ಹಿಂದಿನಿಂದ, ದಿನಾ ಬೇಡ. ಇಷ್ಟು ಹಾಕಿ."

"ಹೊರಗಿನ ವರ್ಕ್‌ಶಾಪಿನ ಲೇತಿನಲ್ಲಿ ಬಾಯಿ ಕತ್ತರಿಸಿ ಹೊಸ ಅಂಚು ಮಾಡಬಹುದಂತಲ್ಲ?" ಎಂದೆ. ಹಿಂದಿನ ರಾತ್ರಿ ಫೋನಿನಲ್ಲಿ ಹುಡುಕಿ ಓದಿದ್ದೆ.

"ಮಾಡ್ಬಹುದು. ಆದ್ರೆ ಕೋವಿ ಕ್ಲಬ್ಬಿನ ಗೇಟ್ ದಾಟ್ಲಿಕ್ಕೆ ಎಷ್ಟು ಕಾಗದ ಬೇಕು, ರಿಜಿಸ್ಟರ್ ಬರೆಯುವವರು ನೀವು, ನಿಮಗೇ ಗೊತ್ತುಂಟು. ಫಾದಿ ಅದಕ್ಕೆಲ್ಲ ಹೋಗುದಿಲ್ಲ."

"ಹಾಗೆ ಬರೆದರೆ ಕರಾರು ಮುಂದುವರಿಸುತ್ತಾರಾ ಶೇಖರಣ್ಣ? ನಳಿಗೆ ಹಳೆಯದಾಗಿದೆ ಅಂತ ಬರೆದರೆ ಮುಗಿಯಿತಲ್ಲ."

ಅವರು ಕಿಟಕಿಯಾಚೆ ಮಕ್ಕಳನ್ನು ಕೈಹಿಡಿದು ಹೋಗುತ್ತಿದ್ದ ಜನರನ್ನು ನೋಡುತ್ತಿದ್ದರು. "ನಾನು ಇದ್ರೂ ಹೋದ್ರೂ ನನ್ನ ನಂತರ ಒಬ್ಬ ಬರ್ತಾನೆ. ಕಾರಣ ಬರೆಯದಿದ್ರೆ ಅವನೂ ಹೀಗೇ ಉಜ್ಜುತ್ತಾನೆ. ಒಳ್ಳೆಯದು ಮಾಡ್ತಿದ್ದೇನೆ ಅಂತಲೇ ಉಜ್ಜುತ್ತಾನೆ. ನನಗೆ ಇನ್ನು ಇರುವುದು ಅದೊಂದೇ ಕೆಲಸ ಪೊರ್ಬುಗಳೇ, ಹಾಳು ಮಾಡಬೇಡಿ."

ನಾನು ಹಾಳು ಮಾಡಿದೆ. ಭಾನುವಾರ ಕಂಪ್ಯೂಟರಿನ ಮುಂದೆ ಕೂತಾಗ ಅವರು ಹೇಳಿದ್ದು ನನ್ನ ಬೆರಳಿಗೆ ಬರಲಿಲ್ಲ. ಮನುಷ್ಯನನ್ನು ಇಲ್ಲಿ ಉಳಿಸಿಕೊಳ್ಳುವುದು ಮುಖ್ಯ, ಹಗ್ಗದ ಮಾತು ಆಮೇಲೆ ಬಾಯಲ್ಲಿ ಹೇಳಬಹುದು ಎಂದುಕೊಂಡೆ. 'ದೀರ್ಘಕಾಲದ ಬಳಕೆಯಿಂದ ಆರೂ ನಳಿಗೆಗಳಲ್ಲಿ ಸಹಜ ಸವೆತ. ನಿರ್ವಹಣೆ ತೃಪ್ತಿಕರ' ಎಂದು ಇಂಗ್ಲಿಷಿನಲ್ಲಿ ಎರಡೇ ಸಾಲು ಹೊಡೆದೆ. ಶೇಖರಣ್ಣ ಓದುವ ಕನ್ನಡಕ ಹುಡುಕಲು ಜೇಬಿಗೆ ಕೈಹಾಕಿದವರು, "ನೀವು ಟೈಪ್ ಮಾಡಿದ್ದಲ್ವಾ" ಎಂದು ಕೈ ಹಿಂತೆಗೆದು ಸಹಿ ಹಾಕಿದರು.

ನನ್ನ ಜಾಣತನದ ಫಲ ಒಂದು ವಾರದೊಳಗೆ ಬಂತು. ನಳಿಗೆಗಳು ಸಹಜವಾಗಿಯೇ ಸವೆದಿದ್ದರೆ ಹೊಸ ಕೋವಿಗಳನ್ನೇ ತರಿಸೋಣ ಎಂದರು ಫಾದಿ. ಕೋವಿ ಕೊಡುವ ಕಂಪನಿಯೇ ತನ್ನ ಆಳನ್ನೂ ಕಳಿಸುತ್ತದೆ, ಪ್ರತ್ಯೇಕ ಆರ್ಮರರ್ ಬೇಡ. ಶೇಖರಣ್ಣನನ್ನು ಕರೆದು ಕೈಕುಲುಕಿ, ಹನ್ನೊಂದು ವರ್ಷದ ಸೇವೆಗೆ ಧನ್ಯವಾದ ಹೇಳಿ, ಒಂದು ಗಡಿಯಾರ ಕೊಟ್ಟು ಕಳಿಸಿದರು. ನಿಜ ಬರೆದಿದ್ದರೂ ಇದೇ ಆಗುತ್ತಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆಗ ನಿಜವಾದರೂ ಉಳಿಯುತ್ತಿತ್ತು.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ಟ್ರಾಲಿ ತಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಕಾರಣ ಹಾಕಿದ್ದೀರಲ್ಲ?"

"ಹಾಕಿದ್ದೇನೆ ಶೇಖರಣ್ಣ."

"ಹಾಗಾದ್ರೆ ಆಯ್ತು."

ಆ ಮುಖದಲ್ಲಿ ನೆಮ್ಮದಿಯಂಥದ್ದು ಕಂಡಿತು. ನಾನು ಬೇರೆ ಕಡೆ ನೋಡಿದೆ.

ಊರಿನಿಂದ ಒಂದೇ ಸಲ ಫೋನು ಮಾಡಿದರು. ಹೊಸ ಕೋವಿ ಬಂದವಾ, ಹೇಗೆ ಹೊಡೆಯುತ್ತವೆ, ಹೊಸಬ ಯಾವ ಕಡೆಯಿಂದ ಉಜ್ಜುತ್ತಾನೆ ಎಂದು ಒಂದರ ಹಿಂದೆ ಒಂದು ಕೇಳಿದರು. ನನ್ನ ಕಿಟಕಿಯಾಚೆ ಹೊಸಬ, ಪಾಕಿಸ್ತಾನದ ಮಾಜಿ ಸೈನಿಕ, ಕೋವಿಯನ್ನು ಮಂಡಿಯ ಮೇಲಿಟ್ಟುಕೊಂಡು ಮುಂದಿನಿಂದ ಉಕ್ಕಿನ ಸರಳು ತಳ್ಳುತ್ತಿದ್ದ. "ನೀವು ಬರೆಸಿದ ಹಾಗೆಯೇ, ಹಗ್ಗದಿಂದ" ಎಂದೆ. ಅವರು, "ನಾನು ಅಷ್ಟು ವರ್ಷ ಅಲ್ಲಿ ಇದ್ದದ್ದಕ್ಕೆ ಒಂದು ಉಪಕಾರ ಆಯ್ತು" ಎಂದರು. ಎರಡು ತಿಂಗಳಲ್ಲಿ ತೀರಿಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂದು ಅವರ ತಮ್ಮ ಮೆಸೇಜು ಹಾಕಿದ್ದ.

ಆ ಮೆಸೇಜು ಓದಿ ನಾನು ನೇರವಾಗಿ ಹೊಸಬನ ಹತ್ತಿರ ಹೋದೆ. ಸರಳು ಬೇಡ, ಬಾಯಿ ಸವೆಯುತ್ತದೆ, ಹಳೆಯ ಕೋವಿಗಳು ಹೋದದ್ದೇ ಹಾಗೆ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವನು ಒಳ್ಳೆಯವನು, ಸಿಟ್ಟು ಮಾಡಲಿಲ್ಲ. ಹಾಗೆಂದು ಎಲ್ಲಿ ಬರೆದಿದೆ, ತೋರಿಸಿ ಎಂದ. ಫೈಲಿನಲ್ಲಿದ್ದ ರಿಪೋರ್ಟನ್ನು ತಾನೇ ತೆಗೆದು, ಎರಡು ಸಾಲನ್ನೂ ಬೆರಳಿಟ್ಟು ಓದಿದ. ಆಮೇಲೆ ಕೆಳಗಿನ ಸಹಿಯ ಮೇಲೆ ಬೆರಳಿಟ್ಟು, "ಇಷ್ಟು ವರ್ಷ ಈ ಕೆಲಸ ಮಾಡಿದವರೇ ಸಹಜ ಸವೆತ ಅಂತ ಸಹಿ ಹಾಕಿದ್ದಾರಲ್ಲ ಸಾಹೇಬ್" ಎಂದು ಹೇಳಿ, ಇನ್ನೊಂದು ಚಿಂದಿ ಹರಿದುಕೊಂಡ.