ಮಡಿಸಿ ಅಂಟಿಸಿದ ರಿಪೋರ್ಟು

"ಅಜ್ಜೀ, ಟೆಸ್ಟೋಸ್ಟಿರಾನ್ ಅಂದ್ರೆ ಗಂಡಸಿನ ಪೆಟ್ರೋಲು. ನಂಗೆ ಐನೂರಿತ್ತು, ಇಂಜೆಕ್ಷನ್ ತಗೊಂಡ್ಮೇಲೆ ಎರಡು ಸಾವಿರ ದಾಟಿದೆ. ಡಾಕ್ಟ್ರೇ ಕಣ್ಕಣ್ ಬಿಟ್ರು. ನಿನ್ ಮೊಮ್ಮಗ ಈಗ ಟ್ಯಾಂಕ್ ತುಂಬಿದ ಗಾಡಿ, ತಿಳೀತಾ?" ಜಿಮ್ಮಿನಲ್ಲಿ ಭಾರ ಎತ್ತುವುದನ್ನು ಕಲಿಸುವ ಇಪ್ಪತ್ತಾರರ ಮೊಮ್ಮಗ ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಾನೆ. ಕನ್ನಡಿ ಕಂಡರೆ ನೆಂಟರು ಸಿಕ್ಕಂತೆ ನಿಂತುಬಿಡುತ್ತಾನೆ. ಬಾಗಿಲಲ್ಲಿ ಅಡ್ಡಡ್ಡ ನುಗ್ಗುತ್ತಾನೆ. ಅವನು ಬಿಟ್ಟ ಮೊಟ್ಟೆಯ ಹಳದಿ ತಿಂದು ಬೆಕ್ಕೂ ಈಗ ಅಡ್ಡಡ್ಡ ನುಗ್ಗುತ್ತದೆ. ಎರಡು ಸಾವಿರದ ಆ ರಿಪೋರ್ಟನ್ನು, ಕೆಳಗಿನ ಅರ್ಧ ಹಿಂದಕ್ಕೆ ಮಡಿಸಿ, ತೀರಿಹೋದ ಅಪ್ಪನ ಫೋಟೋ ಪಕ್ಕ ಅಂಟಿಸಿದ್ದಾನೆ. ಮೂರನೇ ಮಹಡಿಗೆ ಗ್ಯಾಸ್ ಸಿಲಿಂಡರನ್ನು ಒಂದೇ ಉಸಿರಿಗೆ ಹೊತ್ತು ತರುತ್ತಿದ್ದವನು ಈಚೆಗೆ ಪ್ರತಿ ತಿರುವಿನಲ್ಲೂ ಅದನ್ನಿಳಿಸಿ ಶೂ ದಾರ ಕಟ್ಟಲು ಬಗ್ಗುತ್ತಾನೆ. ಕಾಲಲ್ಲಿರುವುದು ಚಪ್ಪಲಿ. ಇವತ್ತು ಅವನು ಹಾಗೇ ಏರಿ ಬರುವಷ್ಟರಲ್ಲಿ, ಗೋಡೆ ಒರೆಸುತ್ತಿದ್ದ ಅಜ್ಜಿ ಮಡಿಕೆ ಬಿಡಿಸಿ, ಡಾಕ್ಟರು ಪೆನ್ನಿನಲ್ಲಿ ಬರೆದದ್ದನ್ನು ಅಕ್ಷರ ಕೂಡಿಸಿ ಓದಿದ್ದಳು: "ರಕ್ತ ಮಂದವಾಗಿದೆ. ಇಂಜೆಕ್ಷನ್ ನಿಲ್ಲಿಸಿ. ಹೃದಯ ಪರೀಕ್ಷೆ ತಕ್ಷಣ ಮಾಡಿಸಿ." ಅವಳು ಬೈಯಲಿಲ್ಲ. "ಡಾಕ್ಟ್ರ ಚೀಟಿ ಮಡಿಸೋದ್ರಲ್ಲಿ ನಿಮ್ಮಪ್ಪನೂ ಜಾಣ" ಎಂದಳಷ್ಟೆ. ಸಿಲಿಂಡರ್ ಇಳಿಸಿದವನು ಫೋಟೋ ನೋಡಿದ. "ಎದೆ ಹಿಡ್ಕೊಂಡಾಗ ಅಪ್ಪಂಗೆ ಎಷ್ಟು ವಯಸ್ಸಾಗಿತ್ತಜ್ಜಿ?" "ಮೂವತ್ನಾಲ್ಕು." ಅವನು ಗೋಡೆಗೊರಗಿ ಕೂತ. "ನಾಳೆ ಆಸ್ಪತ್ರೆಗೆ ಜೊತೇಲಿ ಬರ್ತೀಯಾ?" "ಬರ್ತೀನಿ, ಸ್ವಲ್ಪ ಪಕ್ಕಕ್ಕೆ ಸರಿ" ಎಂದ ಅಜ್ಜಿ ಒದ್ದೆ ಬಟ್ಟೆ ಹಿಂಡಿ, ಅವನ ಬೆನ್ನ ಹಿಂದಿನ ಗೋಡೆಯನ್ನೂ ಒರೆಸಿದಳು.